ಎಐ ಏಜೆಂಟ್‌ಗೆ ಕೋಡ್ ಕೆಲಸ ಕೊಟ್ಟು ಪಕ್ಕದಲ್ಲೇ ಕಾಯುತ್ತಾ ಕೂರಬೇಕಾ?

ಪ್ರಶ್ನೆ: ಕೋಡಿಂಗ್ ಏಜೆಂಟ್‌ಗೆ (ಹೇಳಿದ ಕೆಲಸಕ್ಕೆ ತಾನೇ ಕೋಡ್ ಬರೆದು, ಓಡಿಸಿ, ತಿದ್ದುವ ಎಐ) ಕೆಲಸ ಕೊಟ್ಟ ಮೇಲೆ ಅದು ಏನು ಮಾಡ್ತಿದೆ ಅಂತ ಸ್ಕ್ರೀನ್ ನೋಡುವುದರಲ್ಲೇ ನನ್ನ ಹೊತ್ತು ಹೋಗುತ್ತಿದೆ. ಎದ್ದು ಹೋದರೆ ಇನ್ನೇನೋ ಮಾಡಿಟ್ಟಿರುತ್ತದೆ. ಎಷ್ಟರಮಟ್ಟಿಗೆ ಕಣ್ಣಿಟ್ಟಿರಬೇಕು?

ಉತ್ತರ: ಸ್ಕ್ರೀನ್ ಕಾಯುವುದು ಬೇಡ. ಸರಸರ ಓಡುವ ಲಾಗ್ ನೋಡಿದರೆ ಕಣ್ಣು ಉರಿಯುತ್ತದೆ, ಅಷ್ಟೆ. ಆ ಹೊತ್ತನ್ನು ಕೆಲಸ ಕೊಡುವ ಮುಂಚೆ ಮತ್ತು ಕೆಲಸ ಮುಗಿದ ಮೇಲೆ ಬಳಸಿ.

ಮೊದಲು ಕೆಲಸ ಕೊಡುವ ರೀತಿ ನೋಡೋಣ. "ಲಾಗಿನ್ ಸರಿ ಇಲ್ಲ, ಸರಿ ಮಾಡು" ಅಂದರೆ ಏಜೆಂಟ್ ಊಹೆ ಮಾಡುತ್ತದೆ. ಊಹೆ ತಪ್ಪಾದರೂ ಕೋಡ್ ಮಾತ್ರ ನೀಟಾಗಿಯೇ ಕಾಣುತ್ತದೆ, ಕಷ್ಟ ಇರುವುದೇ ಅಲ್ಲಿ. ಅದರ ಬದಲು ಹೀಗೆ ಬರೆಯಿರಿ: "ಪಾಸ್‌ವರ್ಡ್ ಬದಲಾಯಿಸಿದ ಮೇಲೂ ಹಳೇ ಲಾಗಿನ್ ಸೆಷನ್‌ಗಳು ನಡೆಯುತ್ತಲೇ ಇವೆ. ಬದಲಾದ ಕೂಡಲೇ ಅವೆಲ್ಲ ರದ್ದಾಗಬೇಕು. ಸೆಷನ್ ಫೋಲ್ಡರ್ ಮತ್ತು ಅದರ ಟೆಸ್ಟ್ ಬಿಟ್ಟು ಬೇರೆ ಕಡೆ ಕೈ ಹಾಕಬೇಡ. ಹೊಸ ಲೈಬ್ರರಿ ಬೇಡ. ಮೊದಲು ಈ ಬಗ್ ಹಿಡಿಯುವ ಟೆಸ್ಟ್ ಬರೆ, ಅದು ಫೇಲ್ ಆಗೋದನ್ನು ತೋರಿಸು, ಆಮೇಲೆ ಸರಿ ಮಾಡು."

ಕೊನೆಯ ವಾಕ್ಯವೇ ಮುಖ್ಯ. ಟೆಸ್ಟ್ ಅಂದರೆ ಕೋಡ್ ಸರಿಯಾಗಿ ನಡೆಯುತ್ತದೆಯೇ ಎಂದು ಪರೀಕ್ಷಿಸುವ ಚಿಕ್ಕ ಕೋಡ್. ಬಗ್ ಇದ್ದಾಗಲೂ ಫೇಲ್ ಆಗದ ಟೆಸ್ಟ್ ಆಮೇಲೆ ಪಾಸ್ ಆದರೆ ಅದಕ್ಕೆ ಏನರ್ಥ, ಅಲ್ವಾ?

ಪ್ರತಿ ಸಲ ಹೇಳಬೇಕಾದ ಮಾತುಗಳನ್ನು, ಅಂದರೆ ಬಿಲ್ಡ್ ಹೇಗೆ, ಟೆಸ್ಟ್ ಓಡಿಸುವುದು ಹೇಗೆ, ಯಾವ ಫೋಲ್ಡರ್ ಮುಟ್ಟಬಾರದು ಎಂಬುದನ್ನು, ರೆಪೋದಲ್ಲೇ (ಪ್ರಾಜೆಕ್ಟ್‌ನ ಕೋಡ್ ಇರುವ ಜಾಗ) ಒಂದು ಫೈಲ್‌ನಲ್ಲಿ ಬರೆದಿಡಿ. ಈಗ ಬಹಳಷ್ಟು ಏಜೆಂಟ್‌ಗಳು 'ಏಜೆಂಟ್ಸ್ ಡಾಟ್ ಎಂಡಿ' ಎಂಬ ಫೈಲ್ ಓದುತ್ತವೆ. ಚಿಕ್ಕದಾಗಿರಲಿ. ಪುರಾಣ ಬರೆದರೆ ಮುಖ್ಯವಾದದ್ದೇ ಅದರಲ್ಲಿ ಮುಳುಗಿಹೋಗುತ್ತದೆ.

ಕೆಲಸ ಸ್ವಲ್ಪ ದೊಡ್ಡದಾದರೆ ಮೊದಲು ಪ್ಲಾನ್ ಕೇಳಿ, ಓದಿ, ಆಮೇಲೆ ಕೋಡ್ ಬರೆಯಲು ಬಿಡಿ. ನಡುವೆ ಒಮ್ಮೊಮ್ಮೆ ಇಣುಕಿದರೆ ಸಾಕು. ಅದೇ ಎರರ್‌ಗೆ ಅದೇ ಮದ್ದನ್ನು ಮತ್ತೆ ಮತ್ತೆ ಹಚ್ಚುತ್ತಿದ್ದರೆ, ಹೇಳದ ಫೈಲ್ ತೆರೆದು ತಿದ್ದುತ್ತಿದ್ದರೆ, ನಿಲ್ಲಿಸಿಬಿಡಿ. ಅದರ ಜೊತೆ ವಾದ ಮಾಡುತ್ತಾ ಕೂತರೆ, ಸೋತ ಪ್ರಯತ್ನಗಳೆಲ್ಲ ಅದೇ ಮಾತುಕತೆಯಲ್ಲಿ ತುಂಬಿಕೊಂಡು ಮುಂದಿನ ಉತ್ತರಗಳನ್ನೂ ಕೆಡಿಸುತ್ತವೆ. ಕೋಡ್ ಹಿಂದಕ್ಕೆ ತನ್ನಿ, ಕೆಲಸದ ವಿವರವನ್ನು ಇನ್ನೂ ಸ್ಪಷ್ಟ ಮಾಡಿ, ಏಜೆಂಟ್ ಜೊತೆ ಹೊಸ ಮಾತುಕತೆ ಶುರು ಮಾಡಿ.

ಕೆಲಸ ಮುಗಿದ ಮೇಲೆ ನಿಜವಾದ ಕಾವಲು. "ಎಲ್ಲಾ ಟೆಸ್ಟ್ ಪಾಸ್" ಎಂಬ ಅದರ ವರದಿಯನ್ನು ಸುಮ್ನೆ ನಂಬಬೇಡಿ, ಟೆಸ್ಟ್ ಬೇರೆಯಾಗಿ ಸಿಐನಲ್ಲಿ (ಕೋಡ್ ಬದಲಾದಾಗಲೆಲ್ಲ ತಾನಾಗಿ ಟೆಸ್ಟ್ ಓಡಿಸುವ ವ್ಯವಸ್ಥೆ) ಓಡಲಿ. ಡಿಫ್‌ನಲ್ಲಿ, ಅಂದರೆ ಬದಲಾದ ಸಾಲುಗಳ ಪಟ್ಟಿಯಲ್ಲಿ, ಮೊದಲು ಯಾವ ಯಾವ ಫೈಲ್ ಬದಲಾಗಿದೆ ನೋಡಿ. ಆಮೇಲೆ ನೇರ ಟೆಸ್ಟ್ ಫೈಲ್‌ಗೆ ಹೋಗಿ, ಅಸಲಿ ಕೋಡ್‌ಗಿಂತ ಮುಂಚೆ. ಏಜೆಂಟ್‌ಗಳು ಜಾಸ್ತಿ ಕೈಚಳಕ ತೋರಿಸುವುದೇ ಇಲ್ಲಿ. ಟೆಸ್ಟ್ ಓಡದಂತೆ ಸ್ಕಿಪ್ ಹಾಕಿರುತ್ತವೆ. ಬರಬೇಕಾದ ಉತ್ತರವನ್ನೇ ತಿದ್ದಿರುತ್ತವೆ. ಎರರ್ ಬಂದರೆ ಸದ್ದಿಲ್ಲದೆ ನುಂಗುವ ಟ್ರೈ ಕ್ಯಾಚ್ ಸುತ್ತಿರುತ್ತವೆ. 500ಕ್ಕೆ 10 ಪರ್ಸೆಂಟ್ ರಿಯಾಯಿತಿ ಕಳೆದು 450 ಬರಬೇಕು ಎಂಬ ಟೆಸ್ಟ್ ಇತ್ತು ಅಂದುಕೊಳ್ಳಿ. ಫಂಕ್ಷನ್ ಒಳಗೆ "ಮೊತ್ತ 500 ಇದ್ದರೆ 450 ಕೊಡು" ಎಂಬ ಇಫ್ ಸಾಲು ಸಿಕ್ಕರೆ ಆಶ್ಚರ್ಯಪಡಬೇಡಿ. ಟೆಸ್ಟ್ ಹಸಿರು, ಅಂದರೆ ಪಾಸ್, ಲೆಕ್ಕ ಮಾತ್ರ ಇಲ್ಲ. ಹಸಿರು ಮಾಡು ಅಂದಿರಿ, ಮಾಡಿತು! ಇದಕ್ಕೆ ಏಜೆಂಟ್‌ಗೆ ತೋರಿಸದ ಒಂದೆರಡು ಟೆಸ್ಟ್ ಕೈಯಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಬೇಲಿ. ಪ್ರೊಡಕ್ಷನ್ ಡೇಟಾಬೇಸ್‌ನ ಕೀ ಅದರ ಕೈಗೆ ಸಿಗುವ ಜಾಗದಲ್ಲಿ ಇರಲೇಬಾರದು. "ಡಿಲೀಟ್ ಮಾಡಬೇಡ" ಎಂದು ಬರೆದರೆ ಅದು ವಿನಂತಿ ಅಷ್ಟೆ, ಬೀಗ ಅಲ್ಲ. ಕೆಲಸ ಬೇರೆ ಬ್ರ್ಯಾಂಚ್‌ನಲ್ಲಿ (ಕೋಡ್‌ನ ಪ್ರತ್ಯೇಕ ಕವಲು) ನಡೆಯಲಿ, ಅದನ್ನು ಮುಖ್ಯ ಕೋಡ್‌ಗೆ ಸೇರಿಸುವ ಮರ್ಜ್ ನೀವೇ ಮಾಡಿ. ಗಿಟ್‌ಹಬ್ 2025ರಲ್ಲಿ ತಂದ ಕೋಪೈಲಟ್ ಏಜೆಂಟ್ ಕೂಡ ಇದೇ ದಾರಿಯದು: ಇಶ್ಯೂ (ಮಾಡಬೇಕಾದ ಕೆಲಸದ ಟಿಪ್ಪಣಿ) ಅಸೈನ್ ಮಾಡಿದರೆ ಡ್ರಾಫ್ಟ್ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಯ ಕರಡು) ತೆರೆದು ರಿವ್ಯೂಗೆ ಕಾಯುತ್ತದೆ.

ಒಟ್ಟಿಗೆ ಎಷ್ಟು ಏಜೆಂಟ್ ಓಡಿಸಬಹುದು ಎಂದೂ ಹಲವರು ಕೇಳುತ್ತಾರೆ. ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ 2015ರಿಂದಲೇ ಇರುವ ವರ್ಕ್‌ಟ್ರೀ ಬಳಸಿದರೆ ಪ್ರತಿಯೊಂದಕ್ಕೂ ಬೇರೆ ಫೋಲ್ಡರ್ ಸಿಗುತ್ತದೆ, ಒಂದರ ಕೋಡ್ ಇನ್ನೊಂದು ತುಳಿಯುವುದಿಲ್ಲ. ಆದರೆ ಡಿಫ್ ಓದುವವರು ನೀವೊಬ್ಬರೇ. ಓದದ ಪುಲ್ ರಿಕ್ವೆಸ್ಟ್ ಎರಡು ಬಾಕಿ ಇದ್ದರೆ ಮೂರನೇ ಕೆಲಸ ಕೊಡಬೇಡಿ.