ಕಡಲಾಚೆ ಸಾಗಹಾಕಿದ ಹೆಂಗಸರು ಜೈಲಿನಲ್ಲೇ ಇರುತ್ತಿದ್ದರಾ?

ಪ್ರಶ್ನೆ: ಆಸ್ಟ್ರೇಲಿಯಾದ 20 ಡಾಲರ್ ನೋಟಿನ ಮೇಲಿರುವ ಹೆಂಗಸು ಒಂದು ಕಾಲಕ್ಕೆ ಕೈದಿಯಂತೆ, ನಿಜಾನಾ? ಬ್ರಿಟನ್ನಿನಿಂದ ಹಾಗೆ ಸಾಗಹಾಕಿದ ಹೆಂಗಸರನ್ನೆಲ್ಲ ಜೈಲಿನಲ್ಲೇ ಕೂಡಿಹಾಕುತ್ತಿದ್ದರಾ?

ಉತ್ತರ: ನಿಜ. ಅವಳು ಮೇರಿ ರೀಬಿ. ಹುಡುಗನ ವೇಷದಲ್ಲಿ ಕುದುರೆ ಕದ್ದು ಸಿಕ್ಕಿಬಿದ್ದಾಗ ಅವಳಿಗೆ ಬರೀ 13 ವರ್ಷ. ಅದಕ್ಕೆ ಶಿಕ್ಷೆಯಾಗಿ ಅವಳನ್ನು ಬ್ರಿಟನ್ನಿನಿಂದ ಆಸ್ಟ್ರೇಲಿಯಾಕ್ಕೆ ಸಾಗಹಾಕಿದರು, 1792ರಲ್ಲಿ ಸಿಡ್ನಿಗೆ ಬಂದಳು. ಗಂಡ ಸತ್ತ ಮೇಲೆ ಏಳು ಮಕ್ಕಳನ್ನು ಸಾಕುತ್ತ ಹಡಗು, ವ್ಯಾಪಾರ ಎಲ್ಲ ನಡೆಸಿ ದೊಡ್ಡ ಸಾಹುಕಾರಳಾದಳು.

ಆದರೆ ಅವಳೊಬ್ಬಳನ್ನು ನೋಡಿ ಉಳಿದವರನ್ನು ಅಳೆಯಬೇಡಿ. 1788ರಿಂದ ಸುಮಾರು 25,000 ಹೆಂಗಸರನ್ನು ಹೀಗೆ ಹಡಗು ಹತ್ತಿಸಿದರು. ಜಾಸ್ತಿ ಪಾಲು ಸಣ್ಣಪುಟ್ಟ ಕಳ್ಳತನದ ಕೇಸುಗಳೇ. ಎಷ್ಟೋ ಜನಕ್ಕೆ ಏಳು ವರ್ಷದ ಶಿಕ್ಷೆ. ಅದು ಮುಗಿದರೂ ವಾಪಸ್ ಬರುವ ಹಡಗಿನ ಖರ್ಚು ಅವರದೇ. ಅಂದರೆ, ಹೋದವರು ಹೋದಂತೆಯೇ.

ಇನ್ನು ಜೈಲಿನ ವಿಷಯ. ಇಳಿದ ಮೇಲೆ ಹೆಚ್ಚಿನವರು ಸೇರಿದ್ದು ಜೈಲನ್ನಲ್ಲ, ಯಾರದೋ ಮನೆಯ ಅಡುಗೆಮನೆಯನ್ನು. ಸಂಬಳವಿಲ್ಲದ ಮನೆಗೆಲಸ, ಊಟ ಬಟ್ಟೆ ಅಷ್ಟೇ. ಎದುರು ಮಾತಾಡಿದರೆ, ಕುಡಿದರೆ, ಹೇಳದೆ ಹೊರಗೆ ಹೋದರೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸುತ್ತಿದ್ದರು. ಅಲ್ಲಿಂದ 'ಫೀಮೇಲ್ ಫ್ಯಾಕ್ಟರಿ'ಗೆ.

ಹೆಸರು ಕೇಳಿ ಕಾರ್ಖಾನೆ ಅಂದುಕೊಳ್ಳಬೇಡಿ. ಟಾಸ್ಮೇನಿಯಾದ ಹೋಬಾರ್ಟ್‌ನಲ್ಲಿ ಕ್ಯಾಸ್ಕೇಡ್ಸ್ ಅಂತ ಒಂದಿತ್ತು. ಬೆಟ್ಟದ ಬುಡದಲ್ಲಿ, ತೊರೆಯ ಪಕ್ಕ, ಬಿಸಿಲೇ ಸರಿಯಾಗಿ ಬೀಳದ ಥಂಡಿ ಜಾಗ. ಮುಚ್ಚಿಹೋಗಿದ್ದ ಸಾರಾಯಿ ಭಟ್ಟಿಯನ್ನೇ 1828ರಲ್ಲಿ ಹೆಂಗಸರಿಗಾಗಿ ಮಾರ್ಪಡಿಸಿದ್ದರು. ಜೈಲು, ದುಡಿಮೆಯ ಜಾಗ, ಕೆಲಸಕ್ಕೆ ಆಳು ಕಳಿಸುವ ಕಚೇರಿ, ಹೆರಿಗೆ ಮನೆ ಎಲ್ಲ ಒಂದೇ ಗೋಡೆಯೊಳಗೆ. ತಪ್ಪು ಮಾಡಿ ಬಂದವಳ ಜಾಕೆಟ್ಟಿನ ಬೆನ್ನಿಗೆ, ಬಲತೋಳಿಗೆ, ಲಂಗದ ಹಿಂದಕ್ಕೆ ದೊಡ್ಡ ಹಳದಿ 'ಸಿ' ಅಕ್ಷರ. ದಿನವಿಡೀ ಬಟ್ಟೆ ಒಗೆಯುವುದು. ಕೂದಲು ಕತ್ತರಿಸುವುದೂ ಒಂದು ಶಿಕ್ಷೆ. ಅದಕ್ಕೆ ಅವರು ಎಲ್ಲಕ್ಕಿಂತ ಜಾಸ್ತಿ ಸಿಟ್ಟಾಗುತ್ತಿದ್ದರು.

ನನಗೆ ಅರಗದ ವಿಷಯ ಬೇರೆಯೇ ಇದೆ. ಮದುವೆಯಿಲ್ಲದೆ ಬಸುರಾದರೆ ಅದೂ ಅಪರಾಧ. ಕೆಲಸಕ್ಕಿದ್ದ ಮನೆಯಲ್ಲೇ ಬಸುರಾದರೂ ಶಿಕ್ಷೆ ಅವಳಿಗೇ. ಫ್ಯಾಕ್ಟರಿಗೆ ವಾಪಸ್ ಬಂದು ಹೆರಬೇಕು, ಮೊಲೆಹಾಲು ಬಿಡಿಸುವವರೆಗೆ ಮಗುವಿನ ಜೊತೆ ಇರಬಹುದು. ಆಮೇಲೆ ಆರು ತಿಂಗಳು ಅದೇ ಹಳದಿ 'ಸಿ', ಅದೇ ಒಗೆಯುವ ತೊಟ್ಟಿ. ಕೂಸುಗಳು ಇಕ್ಕಟ್ಟಿನ ಕೋಣೆಗಳಲ್ಲಿ ಬೆಳೆಯುತ್ತಿದ್ದವು. ಎಷ್ಟೋ ಸತ್ತೇಹೋದವು. ಉಳಿದವನ್ನು ಎರಡು ಮೂರು ವರ್ಷಕ್ಕೆ ಅನಾಥಶಾಲೆಗೆ ಕಳಿಸುತ್ತಿದ್ದರು. ಅಮ್ಮ ಬದುಕಿದ್ದರೂ ಅನಾಥರು, ಅಲ್ವಾ!

ಹಾಗಂತ ಇವರು ಸುಮ್ನೆ ತಲೆ ಬಗ್ಗಿಸಿಕೊಂಡು ಇದ್ದವರಲ್ಲ. ಸಿಡ್ನಿ ಹತ್ತಿರದ ಪರಮಟ್ಟಾದಲ್ಲೂ ಇಂಥದೊಂದು ಫ್ಯಾಕ್ಟರಿಯಿತ್ತು. 1827ರಲ್ಲಿ ಅಲ್ಲಿ ಬ್ರೆಡ್ಡು, ಸಕ್ಕರೆ ಕಡಿತ ಮಾಡಿದರು. ಹೆಂಗಸರು ಬಾಗಿಲು ಒಡೆದು ಊರೊಳಗೆ ನುಗ್ಗಿದರು. ಸೈನಿಕರು ಬಂದು ಹಿಡಿದು ವಾಪಸ್ ಕರೆತರುವಾಗ ಅವರ ಮಡಿಲ ತುಂಬ ಬ್ರೆಡ್ಡು, ಮಾಂಸ ಇತ್ತು.