ಕೊಟ್ಟ ಮಾತು ಮೊದಲು, ಪ್ರಬಂಧ ಆಮೇಲೆ

"ಸಹಿ ಬೇಕಾದರೆ ಹಾಕ್ತೀನಮ್ಮಾ. ಹೆಬ್ಬೆಟ್ಟು ಮಾತ್ರ ಒತ್ತಲ್ಲ."

ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಹತ್ತಿರ, ಚಿನ್ನದ ಗಣಿ ಕಾರ್ಮಿಕರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ಒಂದರಲ್ಲಿ ಹೀಗೆ ಹೇಳಿದವರು ಗಣಿಯಿಂದ ನಿವೃತ್ತರಾದ ಒಬ್ಬ ತಾತ. ಅವರ ನೆನಪುಗಳನ್ನು ರೆಕಾರ್ಡ್ ಮಾಡಲು ಹೋಗಿದ್ದೆವು. ಮೊದಲು ಒಪ್ಪಿಗೆ ಪತ್ರ ಮುಂದಿಟ್ಟೆವು. ತಾತನಿಗೆ ಕಣ್ಣು ಮಂಜು, ಕೈ ನಡುಕ. ಅನುಕೂಲ ಆಗಲಿ ಅಂತ ನನ್ನ ವಿದ್ಯಾರ್ಥಿನಿ ಚೀಲದಿಂದ ಇಂಕ್ ಪ್ಯಾಡ್ ತೆಗೆದಳು. ತಾತ ಕೈ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಪೆನ್ನು ಇಸಿದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ತಮಿಳಿನಲ್ಲಿ ತಮ್ಮ ಹೆಸರು ಬರೆದರು.

ಕಾರಣವನ್ನು ಟೀ ಕುಡಿಯುತ್ತಾ ಹೇಳಿದರು. 1930ರಲ್ಲಿ ಗಣಿ ಕಾರ್ಮಿಕರ ಬೆರಳಚ್ಚು ತೆಗೆದುಕೊಂಡು ನೋಂದಣಿ ಮಾಡಲು ಹೊರಟಾಗ ಇಡೀ ಕೆಜಿಎಫ್ ಮೂರು ವಾರ ಕೆಲಸ ನಿಲ್ಲಿಸಿತ್ತು. ಬೆರಳಚ್ಚು ದಾಖಲೆಯಲ್ಲಿದ್ದರೆ, ಒಂದು ಗಣಿಯಿಂದ ಹೊರಗೆ ಹಾಕಿದಾಗ ಇನ್ನೊಂದು ಗಣಿಯ ಬಾಗಿಲೂ ಮುಚ್ಚಿಹೋಗುತ್ತದೆ ಎಂಬ ಭಯ ಜನರಿಗಿತ್ತು. ತಾತನ ತಂದೆ ಆ ಮುಷ್ಕರದಲ್ಲಿದ್ದರಂತೆ. "ಬೆರಳು ತಗೊಳ್ಳೋದು ಕಳ್ಳರದ್ದು ಅಂತ ನಮ್ಮಪ್ಪ ಹೇಳ್ತಿದ್ರು."

ಆ ಮುಷ್ಕರದ ಬಗ್ಗೆ ನಾನು ಓದಿದ್ದೆ, ತರಗತಿಯಲ್ಲಿ ಪಾಠವನ್ನೂ ಮಾಡಿದ್ದೆ. ಅದೇ ಊರಿಗೆ ಇಂಕ್ ಪ್ಯಾಡ್ ಹಿಡಿದು ಹೋದ ತಂಡಕ್ಕೂ ನಾನೇ ಮುಂದಾಳು. ಇದು ಇವತ್ತಿಗೂ ನನ್ನನ್ನು ಕಾಡುತ್ತದೆ. ಸಾರ್ವಜನಿಕ ಇತಿಹಾಸದಲ್ಲಿ ವೃತ್ತಿ ಕಟ್ಟಿಕೊಳ್ಳಬಹುದಾ ಎಂದು ಕೇಳುವ ಎಂ.ಎ. ವಿದ್ಯಾರ್ಥಿಗಳಿಗೆ ಈಗ ನಾನು ಈ ಘಟನೆಯಿಂದಲೇ ಶುರು ಮಾಡುತ್ತೇನೆ.

ಸಾರ್ವಜನಿಕ ಇತಿಹಾಸ ಅಂದರೆ ಜನರ ನಡುವೆ, ಜನರ ಜೊತೆ ಸೇರಿ ಮಾಡುವ ಇತಿಹಾಸ. ಮ್ಯೂಸಿಯಂ, ಹಳೆಯ ದಾಖಲೆಗಳನ್ನು ಕಾಪಾಡುವ ಪತ್ರಾಗಾರ, ಸ್ಮಾರಕ, ಜನರ ಬಾಯಿಂದಲೇ ಕೇಳಿ ದಾಖಲಿಸುವ ಮೌಖಿಕ ಇತಿಹಾಸ, ಊರಿನ ನಡಿಗೆ, ಶಾಲೆಯ ಗೋಡೆಯ ಮೇಲಿನ ಒಂದು ಫಲಕ, ಎಲ್ಲವೂ ಇದರೊಳಗೆ ಬರುತ್ತವೆ. ಇದಕ್ಕೆ ವಿಶ್ವವಿದ್ಯಾಲಯದ ಪಾಠದ ರೂಪ ಬಂದದ್ದು ಅಮೆರಿಕದಲ್ಲಿ. 1976ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಕ್ಯಾಂಪಸ್ಸಿನಲ್ಲಿ ರಾಬರ್ಟ್ ಕೆಲ್ಲಿ ಇದಕ್ಕಾಗಿಯೇ ಒಂದು ಕೋರ್ಸ್ ಶುರು ಮಾಡಿದರು. ಆಗ ಅಲ್ಲಿ ಇತಿಹಾಸದಲ್ಲಿ ಪಿಎಚ್‌.ಡಿ. ಮಾಡಿದವರಿಗೆ ಪಾಠ ಹೇಳುವ ಕೆಲಸ ಸುಲಭವಾಗಿ ಸಿಗುತ್ತಿರಲಿಲ್ಲ. ಕಾಲೇಜಿನ ಹೊರಗೂ ಇತಿಹಾಸಕಾರರಿಗೆ ಕೆಲಸ ಉಂಟು ಎಂದು ತೋರಿಸುವುದು ಅವರ ಗುರಿಗಳಲ್ಲಿ ಒಂದಾಗಿತ್ತು. ಅಂದರೆ ಈ ವಿಷಯ ಹುಟ್ಟಿದ್ದೇ ಉದ್ಯೋಗದ ಚಿಂತೆಯ ನಡುವೆ. ಹಾಗಾಗಿ ಕೆಲಸದ ಬಗ್ಗೆ ಕೇಳಲು ಯಾರೂ ನಾಚಿಕೊಳ್ಳಬೇಕಾಗಿಲ್ಲ.

ಹೆಸರು ಹೊಸದಾದರೂ ಕೆಲಸ ನಮ್ಮಲ್ಲಿ ಹಳೆಯದು. ಊರಿಗಾಗಿ ಸತ್ತವನನ್ನು ಊರಿನ ಕಣ್ಣೆದುರೇ ಕಲ್ಲಿನಲ್ಲಿ ನಿಲ್ಲಿಸಿದ ವೀರಗಲ್ಲು ಇನ್ನೇನು? 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯನ ಕಲ್ಲು ಸುಮಾರು ಕ್ರಿ.ಶ. 750ರದ್ದು. ಅದಕ್ಕೆ ಮಂಟಪ ಕಟ್ಟಿಸಲು ಓಡಾಡಿದವರಲ್ಲಿ ಸಾಮಾನ್ಯ ನಾಗರಿಕರೇ ಜಾಸ್ತಿ. ರಾಮನಗರದ ಜಾನಪದ ಲೋಕವನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ಆಡಳಿತ ಸೇವೆಯಲ್ಲಿದ್ದವರು, ಪ್ರಾಧ್ಯಾಪಕರಲ್ಲ.

ಇನ್ನು ಕೆಲಸದ ವಿಷಯ. ಕಾಲೇಜು ಅಧ್ಯಾಪಕರಾಗುವ ಅರ್ಹತೆಗೆ ಬರೆಯುವ ನೆಟ್ ಪರೀಕ್ಷೆಯ ಪಟ್ಟಿಯಲ್ಲಿ ಪಬ್ಲಿಕ್ ಹಿಸ್ಟರಿ ಎಂಬ ವಿಷಯ ಇಲ್ಲ. ಇತಿಹಾಸ, ಪುರಾತತ್ವ, ಮ್ಯೂಸಿಯಾಲಜಿ, ಜಾನಪದ, ಇವುಗಳಲ್ಲಿ ಒಂದನ್ನು ಹಿಡಿದೇ ಒಳಗೆ ಬರಬೇಕು. ಹಾಗಾಗಿ ಪಾಠ ಹೇಳುವ ಆಸೆ ಇದ್ದವರು ತಮ್ಮ ಮೂಲ ವಿಷಯದ ನೆಟ್ ಅಥವಾ ಅದರ ರಾಜ್ಯಮಟ್ಟದ ಪರೀಕ್ಷೆ ಕೆಸೆಟ್ ಬಿಡಬೇಡಿ. ಪತ್ರಾಗಾರದ ಕಡೆ ಒಲವಿದ್ದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರ ನಡೆಸುವ ಒಂದು ವರ್ಷದ ಡಿಪ್ಲೊಮಾ ಇದೆ. ಬೆಂಗಳೂರಿನ ಸೃಷ್ಟಿ ಸಂಸ್ಥೆಯಲ್ಲಿ ಸಾರ್ವಜನಿಕ ಇತಿಹಾಸಕ್ಕೇ ಮೀಸಲಾದ ಕೇಂದ್ರ ಬೆಳೆದಿದೆ. ವಿಜ್ಞಾನ ಸಂಸ್ಥೆಗಳೂ ತಮ್ಮ ಕಥೆ ಕೂಡಿಡಲು ಶುರು ಮಾಡಿವೆ. ಬೆಂಗಳೂರಿನ ಎನ್‌ಸಿಬಿಎಸ್ 2019ರಲ್ಲಿ ಸಾರ್ವಜನಿಕರಿಗೂ ತೆರೆದ ಒಂದು ಪತ್ರಾಗಾರ ಆರಂಭಿಸಿತು. ಇಂಥ ಕಡೆ ಕೆಲಸ ಸಿಗುವುದು ಹೆಚ್ಚಾಗಿ ಎರಡು ಮೂರು ವರ್ಷದ ಪ್ರಾಜೆಕ್ಟುಗಳ ಲೆಕ್ಕದಲ್ಲಿ. ಮನೆಯವರಿಗೆ ಇದನ್ನು ಮೊದಲೇ ತಿಳಿಸಿಬಿಡಿ.

ಇಷ್ಟು ಮಾಹಿತಿ ಯಾರಾದರೂ ಕೊಡುತ್ತಾರೆ. ಆ ಕೆಲಸದಲ್ಲಿ ದಿನವಿಡೀ ಏನು ಮಾಡುತ್ತೇವೆ ಅನ್ನುವುದನ್ನು ಯಾರೂ ಮೊದಲೇ ಹೇಳುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ಕೆಜಿಎಫ್ ಉದಾಹರಣೆಯನ್ನೇ ಮುಂದುವರಿಸುತ್ತೇನೆ. ಈ ಊರಿನ ಬಗ್ಗೆ ಕಾಗದಪತ್ರಗಳಿಗೆ ಕೊರತೆ ಇಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂತು. ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಇದೆಲ್ಲ ವರದಿಗಳಲ್ಲಿದೆ. ಗಣಿಯೊಳಗೆ ಇಳಿಸುವ ಲಿಫ್ಟಾದ ಕೇಜಿನಲ್ಲಿ ಇಳಿಯುವಾಗ ಕಿವಿ ಹೇಗೆ ಆಗುತ್ತಿತ್ತು, ಒಳಗೆ ಬಂಡೆ ಸಿಡಿದು ರಾಕ್ ಬರ್ಸ್ಟ್ ಆದ ರಾತ್ರಿ ಮನೆಯ ಪಾತ್ರೆಗಳು ಅಲುಗಿದಾಗ ಹೆಂಗಸರು ಯಾವ ಶಾಫ್ಟ್ (ಗಣಿಗೆ ಇಳಿಯುವ ಬಾವಿ) ಕಡೆ ಓಡುತ್ತಿದ್ದರು, ಇದು ವರದಿಗಳಲ್ಲಿಲ್ಲ. ಅದನ್ನು ಹೇಳಬಲ್ಲವರಿಗೆ ಈಗ ವಯಸ್ಸಾಗಿದೆ. ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಹಿಡಿದವರಿಗೆ ಹತ್ತು ನಿಮಿಷ ಒಂದೇ ಸಮ ಮಾತಾಡಿದರೆ ಉಸಿರು ಕಟ್ಟುತ್ತದೆ. ನಾವು ರೆಕಾರ್ಡರ್ ನಿಲ್ಲಿಸಿ ಕಾಯುತ್ತೇವೆ. ಅವರ ಮಕ್ಕಳು ಸಿಗಬೇಕೆಂದರೆ ಭಾನುವಾರವೇ ಹೋಗಬೇಕು. ವಾರವೆಲ್ಲ ಅವರು ನಸುಕಿಗೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ.

ಒಂದು ಗಂಟೆಯ ಮಾತನ್ನು ಅಕ್ಷರಕ್ಕಿಳಿಸಲು ನನಗೆ ಏಳೆಂಟು ಗಂಟೆ ಬೇಕು. ತಮಿಳು, ಕನ್ನಡ, ತೆಲುಗು, ನಡುನಡುವೆ ಗಣಿಯ ಇಂಗ್ಲಿಷ್ ಎಲ್ಲ ಸೇರಿದ ಮಾತು ಅದು. ಈ ಕೆಲಸಕ್ಕಾಗಿಯೇ ನಾನು ತಮಿಳು ಓದಲು ಕಲಿತೆ. ಬರೆದದ್ದನ್ನು ಕೇಳಿ ತಿದ್ದಬೇಕು. ಯಾರು, ಯಾವಾಗ, ಎಲ್ಲಿ, ಯಾವ ವಿಷಯ ಎಂದು ಕ್ಯಾಟಲಾಗ್ ಮಾಡಬೇಕು. ಮೂರು ಕಡೆ ಪ್ರತಿ ಇಡಬೇಕು. ಕೊನೆಗೆ ಅದನ್ನು ಹೇಳಿದವರ ಮನೆಗೆ ಒಯ್ದು ಓದಿ ತೋರಿಸಬೇಕು. ಅವರು ಬೇಡ ಅಂದದ್ದನ್ನು ತೆಗೆಯಬೇಕು, ಇಲ್ಲವೇ ಇಷ್ಟು ವರ್ಷ ಯಾರಿಗೂ ತೋರಿಸುವುದಿಲ್ಲ ಎಂದು ಬರೆದುಕೊಡಬೇಕು.

ಈ ಕೊನೆಯ ಹೆಜ್ಜೆಯನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಕಾರಣವೂ ಸ್ಪಷ್ಟ. ಅಧ್ಯಾಪಕರ ನೇಮಕ, ಬಡ್ತಿಗೆ ಇರುವ 2018ರ ಯುಜಿಸಿ ನಿಯಮಗಳ ಅಂಕಪಟ್ಟಿ ನೋಡಿ. ಪ್ರಬಂಧಕ್ಕೆ ಅಂಕ ಇದೆ, ಪುಸ್ತಕಕ್ಕೆ ಇದೆ, ಪಿಎಚ್‌.ಡಿ. ಮಾರ್ಗದರ್ಶನಕ್ಕೆ ಇದೆ. ಒಂದು ಊರಿನ ಧ್ವನಿ ಸಂಗ್ರಹ ಕಟ್ಟಿದ್ದಕ್ಕೆ ಅಲ್ಲೊಂದು ಸಾಲು ಇಲ್ಲ. ನೆನಪು ಹೇಳಿದ ಅಜ್ಜಿಯ ಮನೆಗೆ ಮೂರನೇ ಸಲ ಹೋಗಿ ಬಂದದ್ದಕ್ಕಂತೂ ಇಲ್ಲವೇ ಇಲ್ಲ. ಹಾಗಾಗಿ ಕಿರಿಯ ಅಧ್ಯಾಪಕರು ಮಾತು ರೆಕಾರ್ಡ್ ಮಾಡಿಕೊಂಡು, ಎರಡು ಸಾಲು ಉದ್ಧರಿಸಿ, ಪ್ರಬಂಧ ಬರೆದು ಮುಂದೆ ಹೋಗುತ್ತಾರೆ. ಅವರನ್ನು ನಾನು ಬೈಯಲಾರೆ. ಬಡ್ತಿ ಇಲ್ಲದೆ ಮನೆ ನಡೆಯಬೇಕಲ್ವಾ? ಆದರೆ ರೆಕಾರ್ಡಿಂಗ್ ಯಾರದೋ ಲ್ಯಾಪ್‌ಟಾಪಿನಲ್ಲಿ ಉಳಿಯುತ್ತದೆ, ಒಂದು ದಿನ ಅದು ಕೆಡುತ್ತದೆ. ಹೇಳಿದವರು ಅಷ್ಟರಲ್ಲಿ ತೀರಿಕೊಂಡಿರುತ್ತಾರೆ. ವಿಶ್ವವಿದ್ಯಾಲಯಗಳು ಸಂಗ್ರಹ ಕಟ್ಟುವುದನ್ನೂ ಸಂಶೋಧನೆ ಎಂದು ಲೆಕ್ಕಕ್ಕೆ ಹಿಡಿಯುವವರೆಗೆ ಇದು ನಿಲ್ಲುವುದಿಲ್ಲ. ನೇಮಕಾತಿ ಸಮಿತಿಯಲ್ಲಿ ಕೂತಾಗಲೆಲ್ಲ ನಾನು ಇದನ್ನು ಹೇಳುತ್ತೇನೆ, ಹೇಳುತ್ತಲೇ ಇರುತ್ತೇನೆ.

ಜನರ ನೆನಪು ಅಂದರೆ ಅದೇ ಸತ್ಯ ಎಂದಲ್ಲ. ಇಲ್ಲಿ ಇತಿಹಾಸದ ತರಬೇತಿ ಬೇಕಾಗುತ್ತದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವನ್ನು ತೆಗೆದುಕೊಳ್ಳಿ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದವರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಎಷ್ಟು ಜನ ಸತ್ತರು? ಸರ್ಕಾರದ ಲೆಕ್ಕ ಒಂದು, ಜನರ ಲೆಕ್ಕ ಇನ್ನೊಂದು. ಜನರ ಬಾಯಲ್ಲಿ ಅದು 30 ದಾಟುತ್ತದೆ. ನಾನು ವಿದ್ಯಾರ್ಥಿಗಳಿಗೆ ಈ ಘಟನೆ ಬಗ್ಗೆ 80 ಪದಗಳ ಒಂದು ಫಲಕ ಬರೆಯಲು ಹೇಳುತ್ತೇನೆ. ಅರ್ಧ ಜನ ಸರ್ಕಾರಿ ಅಂಕಿ ಬರೆಯುತ್ತಾರೆ, ಉಳಿದವರು ಊರಿನ ಅಂಕಿ. ಎರಡನ್ನೂ ಇಟ್ಟು, ಯಾರು ಯಾಕೆ ಹಾಗೆ ಎಣಿಸಿದರು ಅಂತ ಎಂಟನೇ ಕ್ಲಾಸಿನ ಹುಡುಗನಿಗೂ ಅರ್ಥವಾಗುವ ಹಾಗೆ ಬರೆಯುವವರು ಒಬ್ಬಿಬ್ಬರು. ಮೂವತ್ತು ಪುಟದ ಪ್ರಬಂಧಕ್ಕಿಂತ ಆ 80 ಪದ ಕಷ್ಟ. ನಾನು ಒಂದು ಫಲಕವನ್ನು ಹದಿನಾಲ್ಕು ಸಲ ತಿದ್ದಿದ್ದೇನೆ.

ಹಾಗಾದರೆ ಏನು ಕಲಿಯಬೇಕು? ಮೊದಲು ಸುಮ್ನೆ ಕೂತು ಕೇಳುವುದು. ಆಮೇಲೆ ಕ್ಯಾಟಲಾಗ್ ಮಾಡುವುದು, ಯಾಕೆಂದರೆ ಹುಡುಕಿದಾಗ ಸಿಗದ ದಾಖಲೆ ಇದ್ದೂ ಇಲ್ಲದ ಹಾಗೆ. ಹೋಗುವ ಊರಿನ ಭಾಷೆ ಒಂದಷ್ಟಾದರೂ ಬರಬೇಕು. ಒಪ್ಪಿಗೆ ಪತ್ರವನ್ನು ಅವರ ಭಾಷೆಯಲ್ಲಿ ನೀವೇ ಬರೆಯಿರಿ, ಇನ್ನೊಬ್ಬರದ್ದನ್ನು ನಕಲು ಮಾಡಬೇಡಿ. ಪಿಎಚ್‌.ಡಿ. ಮಾಡುವುದಾದರೆ ಸಂಗ್ರಹಕ್ಕೆ ಬೇಕಾದ ಸಮಯವನ್ನು ಶುರುವಿನಲ್ಲೇ ಯೋಜನೆಗೆ ಸೇರಿಸಿ. ಮಾರ್ಗದರ್ಶಕರು ಒಪ್ಪದಿದ್ದರೆ ಕೂತು ಮಾತಾಡಿ. ಊರಿನಲ್ಲಿ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಆಗದ ಯೋಜನೆಗೆ ಹೆಸರು ಹಾಕಬೇಡಿ.

ಆ ತಾತನ ಮನೆಗೆ ನಾಲ್ಕು ತಿಂಗಳ ನಂತರ ಮತ್ತೆ ಹೋದೆ. ಇಂಕ್ ಪ್ಯಾಡ್ ಇರಲಿಲ್ಲ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿದ 42 ಪುಟ ಇತ್ತು. ಮೊಮ್ಮಗಳು ಓದಿದಳು, ತಾತ ಕೇಳಿದರು. ಒಂದು ಶಾಫ್ಟಿನ ಹೆಸರು ತಪ್ಪಾಗಿತ್ತು, ತಿದ್ದಿಸಿದರು. ಆಮೇಲೆ ಒಂದು ಅಪಘಾತದ ಭಾಗ ಬಂತು. ತಪ್ಪು ಯಾರದ್ದು ಅಂತ ಅವರು ಅವತ್ತು ಹೆಸರು ಹಿಡಿದೇ ಹೇಳಿದ್ದರು. ಮೊಮ್ಮಗಳನ್ನು ನಿಲ್ಲಿಸಿ, "ಅವನ ಮಕ್ಕಳು ಹಿಂದಿನ ಲೈನ್‌ನಲ್ಲೇ ಇದ್ದಾರಮ್ಮಾ, ಇದು ಬೇಡ" ಅಂದರು.

ನನ್ನ ಪ್ರಬಂಧ ನಿಂತಿದ್ದೇ ಆ ಭಾಗದ ಮೇಲೆ. ಪತ್ರಿಕೆಗೆ ಕಳಿಸುವ ದಿನವೂ ಹತ್ತಿರ ಬಂದಿತ್ತು. ಆ ಮೂರು ಪುಟಗಳನ್ನು ಬೇರೆ ಲಕೋಟೆಗೆ ಹಾಕಿ, ಮೇಲೆ "25 ವರ್ಷ ತೆರೆಯಬಾರದು" ಎಂದು ತಮಿಳು, ಕನ್ನಡ ಎರಡರಲ್ಲೂ ಬರೆದು ಅವರಿಗೆ ತೋರಿಸಿದೆ. ತಾತ ಅದರ ಕೆಳಗೆ ಸಹಿ ಹಾಕಿದರು. ಪ್ರಬಂಧವನ್ನು ಈಗ ಮೊದಲಿಂದ ಬರೆಯುತ್ತಿದ್ದೇನೆ.