ಹಳೇ ಗೋಡೆಗೆ ಕೈ ಹಾಕೋಕೆ ಯಾವ ಕಾರ್ಡ್ ಬೇಕು?

ಇಂಗ್ಲೆಂಡಿನಲ್ಲಿ ಹಳೇ ಚರ್ಚು, ಬಂಗಲೆಗಳ ದುರಸ್ತಿ ನೋಡಿಕೊಳ್ಳೋದು ನನ್ನ ಕೆಲಸ. ಇಲ್ಲಿಗೆ ಬಂದ ನಮ್ಮ ಕಡೆಯ ಹುಡುಗರು ಆಗಾಗ ಕೇಳುತ್ತಾರೆ: “ಸರ್, ಸಿಎಸ್‌ಸಿಎಸ್ ಕಾರ್ಡ್ ಮಾಡಿಸಿದ್ದೀನಿ. ಹೆರಿಟೇಜ್ ಸೈಟಿಗೆ ಸಾಕಲ್ವಾ?”

ಸಿಎಸ್‌ಸಿಎಸ್ ಅಂದರೆ ಕಟ್ಟಡ ಕೆಲಸಗಾರರ ಅರ್ಹತೆ, ಸುರಕ್ಷತೆಯ ತಿಳಿವಳಿಕೆ ತೋರಿಸುವ ಕಾರ್ಡ್. ಇದು ಇರಲೇಬೇಕು ಅಂತ ಕಾನೂನೇನೂ ಇಲ್ಲ. ಕೇಳುವವರು ಮುಖ್ಯ ಗುತ್ತಿಗೆದಾರರು ಮತ್ತು ಕಟ್ಟಡದ ಮಾಲೀಕರು. ಆದರೆ ದೊಡ್ಡ ಸೈಟುಗಳಲ್ಲಿ ಅದಿಲ್ಲದೆ ಗೇಟು ದಾಟೋದು ಕಷ್ಟ. ಹಸಿರು ಕಾರ್ಡ್ ಕೂಲಿ ಕೆಲಸಕ್ಕೆ. ನೀಲಿಗೆ ಎನ್‌ವಿಕ್ಯೂ, ಅಂದರೆ ಕಸುಬಿನ ಅರ್ಹತಾ ಪತ್ರ, ಲೆವೆಲ್ 2 ಬೇಕು, ಗೋಲ್ಡ್‌ಗೆ ಲೆವೆಲ್ 3. ಜೊತೆಗೆ ಸುರಕ್ಷತೆಯ ಪರೀಕ್ಷೆ: 45 ನಿಮಿಷ, 50 ಪ್ರಶ್ನೆ. ಪಾಸಾದ 2 ವರ್ಷದೊಳಗೆ ಕಾರ್ಡಿಗೆ ಅರ್ಜಿ ಹಾಕಬೇಕು.

ಬಣ್ಣ ನೋಡಿ ಸುಮ್ಮನಾಗಬೇಡಿ. ಯಾವ ಕೆಲಸದಲ್ಲಿ ಅರ್ಹತೆ ಅನ್ನೋದು ಕಾರ್ಡಿನ ಹಿಂಬದಿಯಲ್ಲಿರುತ್ತದೆ, ನಾನು ನೋಡೋದು ಅದನ್ನೇ. ಹೊಸ ಮನೆಗೆ ಇಟ್ಟಿಗೆ ಕಟ್ಟುವವರು ಒಳ್ಳೇ ಕೆಲಸಗಾರರೇ ಇರಬಹುದು. ಆದರೆ 1919ಕ್ಕಿಂತ ಹಿಂದಿನ ಗೋಡೆಗಳು ಹೆಚ್ಚಾಗಿ ಸುಣ್ಣದ ಗಾರೆಯವು. ಒಳಗಿನ ತೇವ ಆ ಗಾರೆಯ ಸಂದಿಯಿಂದ ಹೊರಗೆ ಹೋಗುತ್ತದೆ. ಅಲ್ಲಿ ಗಟ್ಟಿ ಸಿಮೆಂಟ್ ತುಂಬಿದರೆ ತೇವ ಕಲ್ಲಿನಲ್ಲೇ ಉಳಿದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಕಲ್ಲಿನ ಮುಖವೇ ಕಿತ್ತು ಬರುತ್ತದೆ. ಕೊನೆಗೆ ಕಲ್ಲು ಸವೆದು, ಸಿಮೆಂಟಿನ ಗೆರೆಗಳು ಮಾತ್ರ ಹೊರಚಾಚಿ ನಿಂತಿರುತ್ತವೆ. ನೂರಾರು ವರ್ಷ ನಿಂತ ಗೋಡೆಗೆ ಹೀಗಾದದ್ದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಹೆರಿಟೇಜ್ ಸ್ಕಿಲ್ಸ್‌ಗೆ, ಅಂದರೆ ಹಳೇ ಕಟ್ಟಡದ ಕಸುಬಿಗೆ, ಬೇರೆಯದೇ ಲೆವೆಲ್ 3 ಎನ್‌ವಿಕ್ಯೂ ಇದೆ. ಕಲ್ಲು, ಇಟ್ಟಿಗೆ, ಮರ, ಪ್ಲಾಸ್ಟರ್, ಹೀಗೆ ನಿಮ್ಮ ಕಸುಬಿಗೆ ತಕ್ಕ ದಾರಿ ಹಿಡಿಯಬಹುದು. ಕ್ಲಾಸಿನಲ್ಲಿ ಕೂತು ಬರೆಯೋ ಪರೀಕ್ಷೆ ಅಲ್ಲ ಇದು. ಅಸೆಸರ್, ಅಂದರೆ ಪರೀಕ್ಷಕರು, ನಿಮ್ಮ ಕೆಲಸ ನೋಡೋಕೆ ಸೈಟಿಗೇ ಬರುತ್ತಾರೆ. ಹಳೇ ಗಾರೆಯನ್ನು ಎಷ್ಟು ಆಳಕ್ಕೆ ಕೆರೆದಿರಿ? ಉಳಿ ಬಿಟ್ಟು ಗ್ರೈಂಡರ್ ಹಿಡಿದಿರಾ? ತುಂಬುವ ಮೊದಲು ಸಂದಿಗೆ ನೀರು ಹೊಡೆದಿರಾ? ಆಮೇಲೆ ಒದ್ದೆ ಗೋಣಿ ಹೊದಿಸಿದಿರಾ? ಮಾಡಿ ತೋರಿಸಬೇಕು, ಯಾಕೆ ಅಂತಲೂ ಹೇಳಬೇಕು. ಹಂತ ಹಂತದ ಫೋಟೋ, ಸೂಪರ್‌ವೈಸರ್ ಬರೆದುಕೊಟ್ಟ ಮಾತು ಕೂಡ ಸಾಕ್ಷಿಯಾಗುತ್ತವೆ. ಓದು ಕಮ್ಮಿ ಇದ್ದು ಕೈಯಲ್ಲಿ ಕಸುಬು ಇರುವವರಿಗೆ ಇದಕ್ಕಿಂತ ನ್ಯಾಯವಾದ ದಾರಿ ನನಗೆ ಕಾಣುವುದಿಲ್ಲ.

ಮೊದಲು ಬರೀ ಅನುಭವ ನೋಡಿ, ಉದ್ಯೋಗದಾತರ ಶಿಫಾರಸಿನ ಮೇಲೂ ಕಾರ್ಡ್ ಸಿಗುತ್ತಿತ್ತು. ಆ ಬಗೆಯ ಕಾರ್ಡುಗಳ ಅವಧಿ 2024ರ ಡಿಸೆಂಬರ್‌ಗೆ ಮುಗಿಯಿತು. ಎಷ್ಟೇ ವರ್ಷ ಉಳಿ ಹಿಡಿದಿದ್ದರೂ ಈಗ ಅರ್ಹತೆ ತೋರಿಸಲೇಬೇಕು.

ಡಿಗ್ರಿ ಮಾಡಿದವರಿಗೂ ಒಂದು ಕಾರ್ಡ್ ಇದೆ. ಅದು ನಿಮ್ಮ ಓದನ್ನು ಹೇಳುತ್ತದೆ, ಗೋಡೆ ಕೆಲಸ ಬರುತ್ತದೆ ಅಂತ ಹೇಳುವುದಿಲ್ಲ. ಸ್ಟ್ರಕ್ಚರಲ್ ಎಂಜಿನಿಯರುಗಳಾದರೆ, ಅನುಭವ ಬಂದ ಮೇಲೆ ‘ಕೇರ್’ ಅನ್ನುವ ಸಂರಕ್ಷಣಾ ಎಂಜಿನಿಯರುಗಳ ಪಟ್ಟಿಗೆ ಸೇರಲು ಪ್ರಯತ್ನಿಸಿ.

ಏಜೆನ್ಸಿಯವರು “ಯಾವ ಕಾರ್ಡಾದ್ರೂ ನಡೆಯುತ್ತೆ” ಅಂದರೆ ನಂಬಿ ಹೊರಡಬೇಡಿ. ಮುಖ್ಯ ಗುತ್ತಿಗೆದಾರರನ್ನೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.